ಬೇಕಕ್ಕ ‘ಬೇ’, ಬ್ಯಾಡಕ್ಕ ‘ಬ್ಯಾ’: ಬಾಗಲಕೋಟೆ ಸೀಮೆಯ ಸ್ವರಗಳನ್ನು ಅಳೆಯುವುದು ಹೇಗೆ?

ಹುನಗುಂದದ ಸಂತೆಯಲ್ಲಾಗಲಿ, ಬಾಗಲಕೋಟೆಯ ಬಸ್ ನಿಲ್ದಾಣದಲ್ಲಾಗಲಿ ತುಸು ಹೊತ್ತು ನಿಂತರೆ ಎರಡು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ: ‘ಬೇಕ್ರಿ’, ‘ಬ್ಯಾಡ್ರಿ’. ಪುಸ್ತಕದ ಕನ್ನಡದಲ್ಲಿ ಇವು ಬೇಕು ಮತ್ತು ಬೇಡ. ಎರಡೂ ಅದೇ ‘ಬೇ’ಯಿಂದ ಶುರುವಾಗುತ್ತವೆ. ಆದರೆ ಘಟಪ್ರಭೆ, ಮಲಪ್ರಭೆ, ಕೃಷ್ಣೆಯರ ಈ ಸೀಮೆಯಲ್ಲಿ ಬೇಕು ಅನ್ನುವಾಗ ಬಾಯಿ ತೆರೆಯುವುದು ಒಂದು ಬಗೆ, ಬೇಡ ಅನ್ನುವಾಗ ಇನ್ನೊಂದು ಬಗೆ. ಇದನ್ನು ಯಾವ ಶಾಲೆಯೂ ಕಲಿಸಿಲ್ಲ, ಯಾವ ಪಠ್ಯವೂ ಬರೆದಿಟ್ಟಿಲ್ಲ. ಆದರೂ ಇಲ್ಲಿ ಹುಟ್ಟಿ ಬೆಳೆದ ಯಾರ ನಾಲಿಗೆಯೂ ತಪ್ಪುವುದಿಲ್ಲ.

ಇನ್ನಷ್ಟು ಮಾತು ಜೋಡಿಸಿ ನೋಡಿ. ಬೇಳೆ ಬ್ಯಾಳಿ ಆಗುತ್ತದೆ, ಬೇಲಿ ಬೇಲಿಯಾಗಿಯೇ ಉಳಿಯುತ್ತದೆ. ಪೇಟೆ ಪ್ಯಾಟಿ ಆಗುತ್ತದೆ, ಕೇರಿ ಕೇರಿಯೇ. ಬೇರೆ ಹೋಗಿ ಬ್ಯಾರೆ, ಬ್ಯಾರಿ. ಗಿಡದ ಬೇರು ಮಾತ್ರ ಬೇರ. ಹೇಳು, ಕೇಳು ಎಂಬವು ಹೇಳ, ಕೇಳ ಆದರೂ ಅವುಗಳ ‘ಏ’ ಅಲುಗಾಡುವುದಿಲ್ಲ. ‘ಓ’ಕಾರದ್ದೂ ಇದೇ ನಡೆ: ತೋಟ ತ್ವಾಟ, ಜೋಳ ಜ್ವಾಳ, ಗೋಡೆ ಗ್ವಾಡಿ, ಆದರೆ ಕೋಳಿ, ಹೋರಿ, ಓಣಿ, ನೋಡು, ಓಡು ಇವುಗಳ ‘ಓ’ ಗಟ್ಟಿ.

ಇದರೊಳಗೊಂದು ಲೆಕ್ಕವಿದೆ. ‘ಏ’ ಅಥವಾ ‘ಓ’ ಆದ ಮೇಲೆ ಬರುವ ಸ್ವರ ‘ಅ’ ಅಥವಾ ‘ಎ’ ಆಗಿದ್ದರೆ ಬಾಯಿ ಅಗಲವಾಗಿ ತೆರೆದುಕೊಳ್ಳುತ್ತದೆ. ‘ಇ’ ಅಥವಾ ‘ಉ’ ಇದ್ದರೆ ಬಿಗಿಯಾಗಿಯೇ ಇರುತ್ತದೆ. ಬೇಡದ ಮುಂದೆ ‘ಅ’ ಇದೆ, ಬೇಕುವಿನ ಮುಂದೆ ‘ಉ’ ಇದೆ. ವ್ಯತ್ಯಾಸ ಹುಟ್ಟಿದ್ದು ಅಲ್ಲಿಂದ. ಬೇಸಿಗೆ ಯಾಕೆ ಬ್ಯಾಸಗಿ ಆಯಿತು, ಅದರ ಮುಂದೆ ‘ಇ’ ಇದೆಯಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು. ಆ ಶಬ್ದದ ಹಳೆಯ ರೂಪ ಬೇಸಗೆ. ಇಲ್ಲಿಯ ಬಾಯಿ ಹಳೆಯದನ್ನೇ ಹಿಡಿದು ನಡೆದಿದೆ. ಶಾಲೆಯಿಂದ ಬಂದ ದೇಶ, ವೇದ, ಲೇಖನಗಳು ಈ ಲೆಕ್ಕದಿಂದ ಹೊರಗೆ ಉಳಿದವು. ಊರೊಳಗೇ ಬೆಳೆದ ದ್ಯಾಮವ್ವ, ದ್ಯಾವಪ್ಪ ಎಂಬ ಹೆಸರುಗಳು ಒಳಗೆ ಬಂದವು.

‘ಬ್ಯಾಡ’ ಬಾಗಲಕೋಟೆಯ ಸ್ವಂತ ಆಸ್ತಿಯೇನಲ್ಲ, ಮಂಡ್ಯ–ಮೈಸೂರಿನ ಹಳ್ಳಿಗಳಲ್ಲೂ ಅದು ಕೇಳುತ್ತದೆ. ಇಲ್ಲಿ ವಿಶೇಷವಾದದ್ದು ಶಬ್ದದ ಕೊನೆಯಲ್ಲಿ ನಡೆದ ಬದಲಾವಣೆ. ಮನೆ ಮನಿ ಆಗಿದೆ, ಕೆರೆ ಕೆರಿ ಆಗಿದೆ, ಹಾಲು ಹಾಲ ಆಗಿದೆ. ಅಂದರೆ ಹಿಂದಿನ ಸ್ವರವನ್ನು ತೆರೆಸಿದ್ದ ‘ಎ’ ಈಗ ಬಾಯಲ್ಲಿ ಇಲ್ಲ, ಬಿಗಿ ಹಿಡಿದಿದ್ದ ‘ಉ’ ಕೂಡ ಇಲ್ಲ. ಬ್ಯಾಳಿ, ಬೇಲಿ ಎರಡೂ ಈಗ ‘ಇ’ಯಲ್ಲೇ ಮುಗಿಯುತ್ತವೆ. ಕಾರಣ ಅಳಿಸಿಹೋಗಿದೆ, ಪರಿಣಾಮ ಉಳಿದಿದೆ. ಹಾಗಾದರೆ ಈ ಸೀಮೆಯ ಕನ್ನಡದಲ್ಲಿ ಅಕ್ಷರಮಾಲೆ ಹೇಳುವುದಕ್ಕಿಂತ ಹೆಚ್ಚು ಸ್ವರಗಳಿರಬೇಕಲ್ಲವೇ? ನನ್ನ ಕಿವಿ ಹೌದು ಅನ್ನುತ್ತದೆ. ಆದರೆ ಕಿವಿ ತನಗೆ ಗೊತ್ತಿರುವುದನ್ನೇ ಕೇಳಿಸಿಕೊಳ್ಳುತ್ತದೆ. ಅದರ ಸಾಕ್ಷಿಯೊಂದೇ ಸಾಲದು. ಅದಕ್ಕೇ ಅಳತೆ ಬೇಕು.

ಕಹಳೆಯೊಳಗಿನ ಗಾಳಿ

ಸ್ವರವನ್ನು ಅಳೆಯುವುದು ಅಂದರೇನು? ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಮಾತಿನ ಹುಟ್ಟನ್ನು ವಿವರಿಸುವಾಗ ಕಹಳೆಯ ಮಾತೆತ್ತುತ್ತಾನೆ: ಮಾತಾಡಬೇಕೆಂಬ ಜೀವದ ಬಯಕೆಯಿಂದ, ಗಾಳಿಯ ನೆರವಿನಿಂದ, ನಾಭಿಯ ಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯ ಹುಟ್ಟುತ್ತದೆ ಎಂದು. ಅದರ ಬಣ್ಣ ಬಿಳಿ ಎಂದೂ ಹೇಳುತ್ತಾನೆ. ಬಣ್ಣದ ಮಾತು ಬಿಡೋಣ. ಕಹಳೆಯ ಹೋಲಿಕೆ ಮಾತ್ರ ಇವತ್ತಿನ ಧ್ವನಿವಿಜ್ಞಾನಕ್ಕೆ ಬಹಳ ಹತ್ತಿರದ್ದು. ಗಂಟಲಿನ ಧ್ವನಿತಂತುಗಳು ಗಾಳಿಯನ್ನು ತುಂಡರಿಸಿ ಸದ್ದು ಹುಟ್ಟಿಸುತ್ತವೆ. ಆ ಸದ್ದು ಗಂಟಲಿನಿಂದ ತುಟಿಯವರೆಗಿನ ಕೊಳವೆಯಲ್ಲಿ ಹಾಯುವಾಗ ಕೆಲವು ಕಂಪನಗಳು ಬಲಗೊಳ್ಳುತ್ತವೆ, ಉಳಿದವು ಕುಗ್ಗುತ್ತವೆ. ಬಲಗೊಂಡ ಆ ಕಂಪನಗಳ ಗುಂಪಿಗೆ ಫಾರ್ಮಂಟ್ ಎಂದು ಹೆಸರು.

ವಯಸ್ಕ ಗಂಡಸಿನ ಈ ಕೊಳವೆ ಸುಮಾರು ಹದಿನೇಳೂವರೆ ಸೆಂಟಿಮೀಟರ್ ಉದ್ದ. ನಾಲಿಗೆ ಎತ್ತಲೂ ಹೊರಳದೆ ಸಮನಾಗಿ ಮಲಗಿದ್ದರೆ ಮೊದಲ ಮೂರು ಫಾರ್ಮಂಟುಗಳು ಸೆಕೆಂಡಿಗೆ ಸುಮಾರು 500, 1500, 2500 ಕಂಪನಗಳಲ್ಲಿ, ಅಂದರೆ ಅಷ್ಟು ಹರ್ಟ್ಜ್‌ನಲ್ಲಿ, ಬೀಳುತ್ತವೆ. ನಾಲಿಗೆ, ದವಡೆ, ತುಟಿ ಆಕಾರ ಬದಲಿಸಿದ ಹಾಗೆ ಈ ಅಂಕಿಗಳೂ ಸರಿಯುತ್ತವೆ. ಬಾಯಿ ತೆರೆದಷ್ಟೂ ಮೊದಲ ಫಾರ್ಮಂಟ್ ಮೇಲೇರುತ್ತದೆ. ನಾಲಿಗೆ ಹಲ್ಲಿನ ಕಡೆಗೆ ಸರಿದಷ್ಟೂ ಎರಡನೆಯದು ಏರುತ್ತದೆ. ಹಿಂದೆ ಸರಿದು ತುಟಿ ದುಂಡಾದರೆ ಇಳಿಯುತ್ತದೆ. ‘ಆ’ ಅನ್ನುವಾಗ ವೈದ್ಯರಿಗೆ ಗಂಟಲು ಕಾಣುವುದೂ ಮೊದಲ ಫಾರ್ಮಂಟ್ ತುದಿಗೇರುವುದೂ ಒಂದೇ ಕಾರಣದಿಂದ.

1779ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿ ಸ್ವರಗಳ ಸ್ವಭಾವ ತಿಳಿಸಿದವರಿಗೆ ಬಹುಮಾನ ಇಟ್ಟಾಗ ಕ್ರಾಟ್ಸೆನ್‌ಸ್ಟೈನ್ ಎಂಬಾತ ಬೇರೆ ಬೇರೆ ಆಕಾರದ ಕೊಳವೆಗಳಿಂದ ಸ್ವರ ನುಡಿಸಿ ಅದನ್ನು ಗೆದ್ದುಕೊಂಡ. ಸದ್ದನ್ನು ಕಾಗದದ ಮೇಲೆ ಚಿತ್ರವಾಗಿ ಮೂಡಿಸುವ ಸ್ಪೆಕ್ಟ್ರೋಗ್ರಾಫ್ ಯಂತ್ರ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ತಯಾರಾಗಿ ಹೊರಲೋಕಕ್ಕೆ ತಿಳಿದದ್ದು 1940ರ ದಶಕದಲ್ಲಿ. 1948ರಲ್ಲಿ ಮಾರ್ಟಿನ್ ಜೂಸ್ ಒಂದು ಸೊಗಸಾದ ಸಂಗತಿ ತೋರಿಸಿದ. ಮೊದಲ ಫಾರ್ಮಂಟನ್ನು ಮೇಲಿಂದ ಕೆಳಗೆ, ಎರಡನೆಯದನ್ನು ಬಲದಿಂದ ಎಡಕ್ಕೆ ಗುರುತಿಸುತ್ತ ಹೋದರೆ ಕಾಗದದ ಮೇಲೆ ಮೂಡುವ ಆಕಾರ ಬಾಯೊಳಗೆ ನಾಲಿಗೆ ನಿಲ್ಲುವ ಜಾಗಗಳ ನಕಾಶೆಯನ್ನೇ ಹೋಲುತ್ತದೆ. ಎಡಕ್ಕೆ ಮೇಲೆ ‘ಈ’, ಬಲಕ್ಕೆ ಮೇಲೆ ‘ಊ’, ನಡುವೆ ಕೆಳಗೆ ‘ಆ’. ಬಾಯಿಯ ಒಳಗೆ ಕೈಯಿಡದೆ, ಕ್ಷಕಿರಣ ಹಾಯಿಸದೆ, ಬರೀ ಸದ್ದಿನಿಂದ ನಾಲಿಗೆಯ ನೆಲೆ ತಿಳಿಯುವ ದಾರಿ ಇದು.

1952ರಲ್ಲಿ ಪೀಟರ್ಸನ್ ಮತ್ತು ಬಾರ್ನಿ ಎಂಬವರು 76 ಜನರಿಂದ ಹತ್ತು ಇಂಗ್ಲಿಷ್ ಸ್ವರಗಳನ್ನು ಹೇಳಿಸಿ ಅಳೆದರು. ಅವರ ಸರಾಸರಿಯಲ್ಲಿ ಗಂಡಸರ ‘ಈ’ಗೆ 270 ಮತ್ತು 2290 ಹರ್ಟ್ಜ್, ಹೆಂಗಸರದಕ್ಕೆ 310 ಮತ್ತು 2790. ಗಂಡಸರ ‘ಆ’ 730 ಮತ್ತು 1090, ಹೆಂಗಸರದು 850 ಮತ್ತು 1220. ಸ್ವರ ಅದೇ, ಅಂಕಿ ಬೇರೆ. ಒಬ್ಬರ ಬಾಯಿಯ ಒಂದು ಸ್ವರದ ಅಂಕಿ ಇನ್ನೊಬ್ಬರ ಬಾಯಿಯ ಬೇರೊಂದು ಸ್ವರದ ಅಂಕಿಯ ಮೇಲೆ ಬಂದು ಕೂತದ್ದೂ ಉಂಟು. ಅಳತೆ ಸುಲಭ, ಹೋಲಿಕೆ ಕಷ್ಟ ಎಂಬುದು ಅಂದಿನಿಂದ ಈ ವಿದ್ಯೆಯ ಮೊದಲ ಪಾಠ.

ಮೈಸೂರಿನಲ್ಲಿ ಆದದ್ದು

ಕನ್ನಡದ ಸ್ವರಗಳೂ ಈ ಯಂತ್ರದ ಮುಂದೆ ಕೂತಿವೆ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, 1969ರಲ್ಲಿ ಶುರುವಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ ಇವೆರಡೂ ಆ ಕೆಲಸದ ಮುಖ್ಯ ನೆಲೆಗಳು. ಬಿ.ಬಿ. ರಾಜಪುರೋಹಿತರು ಕನ್ನಡ ಧ್ವನಿಗಳ ಭೌತಿಕ ಗುಣಗಳನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥ 1982ರಲ್ಲಿ ಕೇಂದ್ರ ಸಂಸ್ಥೆಯಿಂದ ಹೊರಬಂತು. ವಾಕ್ ಶ್ರವಣ ಸಂಸ್ಥೆಯ ಎಸ್.ಆರ್. ಸಾವಿತ್ರಿಯವರು ಕನ್ನಡ ಸ್ವರಗಳ ಕಾಲಾವಧಿಯನ್ನು ಅಳೆದು 1986ರಲ್ಲಿ ಪ್ರಕಟಿಸಿದರು. ನಮ್ಮ ಛಂದಸ್ಸು ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಎಂದಿತು. ಬಿಡಿಬಿಡಿಯಾಗಿ ಹೇಳಿಸಿದ ಶಬ್ದಗಳಲ್ಲಿ ಯಂತ್ರವೂ ಹೆಚ್ಚುಕಡಿಮೆ ಅದೇ ಪ್ರಮಾಣ ಹೇಳುತ್ತದೆ. ಹರಟೆಯ ಓಟದಲ್ಲಿ ಈ ಅಂತರ ಕಿರಿದಾಗುತ್ತದೆ. ಆದರೂ ಬಳೆ–ಬಾಳೆ, ಬಿಡು–ಬೀಡು ಒಂದಾಗಿ ಕೇಳಿಸುವುದಿಲ್ಲ.

ಉಪಭಾಷೆಗಳ ಮೇಲಿನ ಕೆಲಸ ಬೇರೆಯದೇ ಹಾದಿಯಲ್ಲಿ ನಡೆಯಿತು. 1960ರ ದಶಕದಲ್ಲಿ ಗುಲಬರ್ಗಾ ಕನ್ನಡ, ನಂಜನಗೂಡು ಕನ್ನಡ, ಹಾಲಕ್ಕಿ ಕನ್ನಡಗಳನ್ನು ಕುರಿತು ಒಂದರ ಹಿಂದೊಂದು ಗ್ರಂಥಗಳು ಬಂದವು. ಧಾರವಾಡದಲ್ಲಿ ಆರ್.ಸಿ. ಹಿರೇಮಠರು ಕನ್ನಡದ ರಚನೆಯನ್ನು ಕುರಿತು 1961ರಲ್ಲಿ ಬರೆದರು. ಅಮೆರಿಕದ ವಿಲಿಯಂ ಬ್ರೈಟ್ ಆಡುಗನ್ನಡವನ್ನು ಕುರಿತು 1958ರಲ್ಲಿ ಪುಸ್ತಕ ಬರೆದರು, 1966ರಲ್ಲಿ ದ್ರಾವಿಡ ಭಾಷೆಗಳಲ್ಲಿ ಮುಂದಿನ ಸ್ವರ ಹಿಂದಿನ ಸ್ವರವನ್ನು ಎಳೆಯುವ ಬಗೆಯನ್ನು ಚರ್ಚಿಸಿದರು. ತಮಿಳಿನ ‘ಇಲೈ’ ನಮ್ಮಲ್ಲಿ ‘ಎಲೆ’ ಆದದ್ದು, ಅವರ ‘ವಿರಲ್’ ನಮ್ಮ ‘ಬೆರಳು’ ಆದದ್ದು ಇದೇ ಎಳೆತದಿಂದ. ಬೇಡ ಬ್ಯಾಡ ಆದದ್ದೂ ಆ ಹಳೆಯ ಕತೆಯ ಮುಂದಿನ ಅಧ್ಯಾಯ ಎಂದು ನಾನು ನಂಬುತ್ತೇನೆ. ಈ ಹಿರಿಯರಲ್ಲಿ ಬಹುಪಾಲು ಜನ ನೆಚ್ಚಿದ್ದು ತಮ್ಮ ತರಬೇತಾದ ಕಿವಿಯನ್ನು. ಆ ಕಿವಿಗಳಿಗೆ ನಾವು ಋಣಿಗಳು. ಅವರು ಕೇಳಿದ್ದನ್ನು ಊರೂರಿನ ಅಂಕಿಗಳಾಗಿ ಇಳಿಸುವ ಕೆಲಸ ಈಗಿನವರದು.

ಈಗ ಆ ಕೆಲಸಕ್ಕೆ ದೊಡ್ಡ ಪ್ರಯೋಗಾಲಯವೂ ಬೇಡ. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ರಚಿಸಿದ ‘ಪ್ರಾಟ್’ ಎಂಬ ತಂತ್ರಾಂಶ ಜಗತ್ತಿಗೆಲ್ಲ ಉಚಿತ. ಹಳೆಯ ಲ್ಯಾಪ್‌ಟಾಪಿನಲ್ಲೂ ಅದು ಓಡುತ್ತದೆ. ಧ್ವನಿಮುದ್ರಿಕೆ ತೆರೆದರೆ ಕಪ್ಪು–ಬೂದು ಪಟ್ಟೆಗಳ ಚಿತ್ರ ಬರುತ್ತದೆ, ಫಾರ್ಮಂಟುಗಳ ಮೇಲೆ ಕೆಂಪು ಚುಕ್ಕೆಗಳು ಸಾಲುಗಟ್ಟುತ್ತವೆ. ಸ್ವರದ ನಟ್ಟನಡುವೆ ಒಂದು ಗೆರೆ ಎಳೆದು ಅಲ್ಲಿಯ ಅಂಕಿ ಬರೆದುಕೊಳ್ಳಬೇಕು. ಕೇಳಲು ಇಷ್ಟೇ. ಇಳಕಲ್ಲಿನ ಒಂದು ಓಣಿಯಲ್ಲಿ ಇದನ್ನು ಮಾಡಹೊರಟರೆ ಏನೇನು ಎದುರಾಗುತ್ತದೆ ಎಂಬುದನ್ನು ಮಾತ್ರ ಸಾವಕಾಶವಾಗಿ ಹೇಳಬೇಕು.

ಇಳಕಲ್ಲಿನ ಓಣಿಯಲ್ಲಿ

ಮೊದಲನೆಯದು ಸದ್ದು. ವಿದ್ಯುತ್ ಮಗ್ಗ ನಡೆಯುವ ಮನೆಯಲ್ಲಿ ಧ್ವನಿಮುದ್ರಣ ಸಾಧ್ಯವೇ ಇಲ್ಲ. ಕುಣಿಮಗ್ಗವಾದರೆ ನೇಕಾರರು ಲಾಳಿ ಕೆಳಗಿಟ್ಟ ಹೊತ್ತು ನೋಡಿ ಕೂರಬಹುದು. ತಲೆಯ ಮೇಲಿನ ಫ್ಯಾನನ್ನೂ ಆರಿಸಬೇಕು; ಮೇ ತಿಂಗಳ ಬಾಗಲಕೋಟೆ ಜಿಲ್ಲೆಯಲ್ಲಿ ಅದನ್ನು ಕೇಳಿಕೊಳ್ಳುವುದೇ ದೊಡ್ಡ ಉಪಕಾರ ಬೇಡಿದಂತೆ. ಮೈಕು ಬಾಯಿಗೆ ಒಂದು ಗೇಣು ದೂರ, ನೇರ ಎದುರಿಗಲ್ಲ, ತುಸು ಪಕ್ಕಕ್ಕೆ. ವಾಟ್ಸಾಪಿನಲ್ಲಿ ಕಳಿಸಿದ ಧ್ವನಿ ಈ ಕೆಲಸಕ್ಕೆ ಒದಗುವುದಿಲ್ಲ. ಕಳಿಸುವಾಗ ಅದನ್ನು ಕುಗ್ಗಿಸಲಾಗಿರುತ್ತದೆ, ಅಂಕಿಗಳು ನಂಬಿಕೆಗೆ ಬಾರವು.

ಎರಡನೆಯದು, ಮತ್ತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು, ಓದಿಸಬಾರದು ಎಂಬ ನಿಯಮ. ಚೀಟಿಯ ಮೇಲೆ ‘ಒಲೆ’ ಎಂದು ಬರೆದು ಕೈಗೆ ಕೊಟ್ಟರೆ ಶಾಲೆ ಕಲಿತ ಯಾರೇ ಆಗಲಿ ‘ಒಲೆ’ ಎಂದೇ ಓದುತ್ತಾರೆ. ಅಕ್ಷರ ಕಣ್ಣಿಗೆ ಬಿದ್ದ ಕೂಡಲೇ ಬಾಯಿ ಮನೆಯಿಂದ ಎದ್ದು ಶಾಲೆಗೆ ಹೋಗಿಬಿಡುತ್ತದೆ. ಒಲೆಯನ್ನೇ ತೋರಿಸಿ, ‘ಇದಕ್ಕ ಏನಂತೀರಿ ಅಕ್ಕಾರ?’ ಎಂದು ಕೇಳಿದರೆ ‘ಒಲಿ’ ಬರುತ್ತದೆ. ಕೇಳುವವರೂ ಇದೇ ಸೀಮೆಯವರಾಗಿರಬೇಕು. ಬೆಂಗಳೂರಿನ ಕನ್ನಡದಲ್ಲಿ ಕೇಳಿದರೆ ಉತ್ತರವೂ ಅರ್ಧ ಬೆಂಗಳೂರಿನ ಕನ್ನಡದಲ್ಲೇ ಬರುತ್ತದೆ. ಅದು ಎದುರಿನವರಿಗೆ ತೋರುವ ಮರ್ಯಾದೆ. ಆದರೆ ಅಳತೆಗೆ ಅಡ್ಡಿ.

ಶಬ್ದಗಳನ್ನು ಹುಡುಕಿ ದೂರ ಹೋಗಬೇಕಿಲ್ಲ, ಮಗ್ಗದ ಬಳಿಯೇ ಇವೆ. ಇಳಕಲ್ ಸೀರೆಯ ಒಡಲಿನ ಹಾಸನ್ನೂ ರೇಷ್ಮೆಯ ಸೆರಗಿನ ಹಾಸನ್ನೂ ಕೂಡಿಸುವುದು ಕೊಂಡಿ. ಆ ಶಬ್ದದ ‘ಒ’ ಮುಂದೆ ಮೊದಲಿಂದಲೂ ‘ಇ’ ಇದೆ, ಆದ್ದರಿಂದ ಬಿಗಿಯಾದ ‘ಒ’ ಸಿಗಬೇಕು. ಟೋಪ್ ತೆನಿ ಸೆರಗಿನ ‘ತೆನಿ’ ಮೂಲದಲ್ಲಿ ತೆನೆ, ನೂಲಿನ ‘ಎಳಿ’ ಮೂಲದಲ್ಲಿ ಎಳೆ. ಇಲ್ಲಿ ತೆರೆದ ‘ಎ’ ಸಿಗಬೇಕು. ಇನ್ನು ‘ಒಲಿ’. ಅಡಿಗೆಯ ಒಲೆ ಇಲ್ಲಿ ಒಲಿ. ದೇವರು ಒಲಿಯುತ್ತಾನಲ್ಲ, ಆ ಒಲಿಯೂ ಒಲಿಯೇ. ಬರೆದರೆ ಎರಡಕ್ಕೂ ಅದೇ ಅಕ್ಷರಗಳು. ಒಬ್ಬರೇ ಅಜ್ಜಿಯಿಂದ ಎರಡನ್ನೂ ಹತ್ತು ಹತ್ತು ಸಲ, ನಡುವೆ ಬೇರೆ ಮಾತು ಬೆರೆಸಿ, ಹೇಳಿಸಿ ಅಳೆದಾಗ ಅಡಿಗೆಯ ಒಲಿಯ ಮೊದಲ ಫಾರ್ಮಂಟ್ ಮತ್ತೆ ಮತ್ತೆ ಮೇಲೆಯೇ ಬಿದ್ದರೆ ಇಲ್ಲಿ ಎರಡು ‘ಒ’ಗಳಿವೆ ಎಂದು ಗಟ್ಟಿಯಾಗಿ ಹೇಳಬಹುದು. ಚುಕ್ಕೆಗಳು ಒಂದರೊಳಗೊಂದು ಬೆರೆತುಹೋದರೆ ನನ್ನ ಕಿವಿ ಸೋತಿತು. ಎರಡರಲ್ಲಿ ಯಾವುದಾದರೂ ಅದು ಈ ಸೀಮೆಯ ಬಗ್ಗೆ ಒಂದು ನಿಜ.

‘ಬ್ಯಾಡ’ದ ಪ್ರಶ್ನೆ ಇನ್ನೂ ಸೂಕ್ಷ್ಮ. ಅಕ್ಷರದಲ್ಲಿ ಅದು ಬ, ಯ, ಆ. ಆದರೆ ನಾಲಿಗೆ ನಿಜವಾಗಿಯೂ ‘ಯ’ದ ಮೇಲೆ ಹಾಯ್ದು ‘ಆ’ಗೆ ಇಳಿಯುತ್ತದೆಯೋ, ಅಥವಾ ಬ್ಯಾಂಕು ಅನ್ನುವಾಗಿನಂಥ ಒಂದೇ ಉದ್ದನೆಯ ಸ್ವರವೋ? ಆ ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲದ್ದರಿಂದ ಕತೆ, ನಾಟಕ ಬರೆಯುವವರು ಯಕಾರವನ್ನು ಸಾಲ ತಂದು ಬರೆದಿರಲಿಕ್ಕೂ ಸಾಕು. ಇದನ್ನು ಯಂತ್ರ ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಎರಡನೆಯ ಫಾರ್ಮಂಟ್ ಎತ್ತರದಲ್ಲಿ ಶುರುವಾಗಿ ಇಳಿಜಾರು ಹಿಡಿದರೆ ಅಲ್ಲಿ ‘ಯ’ ಇದೆ. ಉದ್ದಕ್ಕೂ ಸಪಾಟಾಗಿ ಸಾಗಿದರೆ ಇಲ್ಲ, ಅದು ಒಂದೇ ಸ್ವರ. ತ್ವಾಟ, ಜ್ವಾಳಗಳ ವಕಾರಕ್ಕೂ ಇದೇ ಪರೀಕ್ಷೆ. ಬದಾಮಿಯ ಹಳ್ಳಿಯಲ್ಲಿ ಇಳಿಜಾರು ಸಿಕ್ಕು ಹುನಗುಂದದಲ್ಲಿ ಸಪಾಟು ಸಿಗಲೂಬಹುದು. ಮುದುಕರಲ್ಲಿ ಒಂದು, ಮೊಮ್ಮಕ್ಕಳಲ್ಲಿ ಇನ್ನೊಂದು ಸಿಗಲೂಬಹುದು. ‘ಹಾಲ’, ‘ಊರ’, ‘ಬೇರ’ಗಳ ಕೊನೆಯಲ್ಲಿ ಉಳಿದದ್ದು ನಿಜವಾಗಿ ‘ಅ’ಕಾರವೋ, ಅಳಿದುಳಿದ ‘ಉ’ಕಾರವೋ ಎಂಬುದನ್ನೂ ಹೀಗೆಯೇ ಕೇಳಬೇಕು.

ತಂತ್ರಾಂಶ ಹೇಳಿದ್ದೆಲ್ಲ ವೇದವಾಕ್ಯವಲ್ಲ. ‘ಊ’ಕಾರದಲ್ಲಿ ಮೊದಲ ಎರಡು ಫಾರ್ಮಂಟುಗಳು ಒತ್ತೊತ್ತಿಗೆ ಬರುವುದರಿಂದ ಅದು ಎರಡನ್ನು ಒಂದೆಂದು ಎಣಿಸುವುದುಂಟು. ಹೆಂಗಸರ, ಮಕ್ಕಳ ದನಿ ಎತ್ತರದ್ದು. ಅಲ್ಲಿ ತಪ್ಪುಗಳು ಹೆಚ್ಚು. ಐದು ಫಾರ್ಮಂಟುಗಳನ್ನು ಹುಡುಕಲು ಗಂಡಸರಿಗೆ 5000 ಹರ್ಟ್ಜ್‌ವರೆಗೆ, ಹೆಂಗಸರಿಗೆ 5500ರವರೆಗೆ ಮಿತಿ ಹಾಕುವುದು ವಾಡಿಕೆ. ಅದನ್ನು ಬದಲಿಸದೆ ಎಲ್ಲರನ್ನೂ ಒಂದೇ ಮಿತಿಯಲ್ಲಿ ಅಳೆದರೆ ಕಾಣುವ ವ್ಯತ್ಯಾಸ ಊರಿನದಲ್ಲ, ಯಂತ್ರದ್ದು. ಪ್ರತಿ ಚುಕ್ಕೆಯನ್ನೂ ಕಣ್ಣಿಂದ ನೋಡಿ, ಕಿವಿಯಿಂದ ಕೇಳಿ ಒಪ್ಪಬೇಕು.

ಆಮೇಲೆ ಹೋಲಿಕೆ. ಬದಾಮಿಯ ಅಜ್ಜನ ‘ಆ’ವನ್ನು ಇಳಕಲ್ಲಿನ ಹುಡುಗಿಯ ‘ಆ’ದ ಪಕ್ಕ ನೇರವಾಗಿ ಇಡುವಂತಿಲ್ಲ, ಬಾಯಿಗಳ ಅಳತೆಯೇ ಬೇರೆ. 1971ರಲ್ಲಿ ಸೋವಿಯತ್ ವಿಜ್ಞಾನಿ ಬೋರಿಸ್ ಲೊಬಾನೊವ್ ತೋರಿಸಿದ ಉಪಾಯ ಇಂದಿಗೂ ಬಳಕೆಯಲ್ಲಿದೆ. ಒಬ್ಬರ ಎಲ್ಲ ಸ್ವರಗಳ ಸರಾಸರಿ ತೆಗೆದು, ಪ್ರತಿ ಸ್ವರವೂ ಅವರದೇ ಸರಾಸರಿಯಿಂದ ಎಷ್ಟು ದೂರ ನಿಂತಿದೆ ಎಂದು, ಅವರದೇ ಹರವಿನ ಲೆಕ್ಕದಲ್ಲಿ ನೋಡುವುದು. ಆಗ ದೇಹದ ಗಾತ್ರ ಹಿಂದೆ ಸರಿದು ಸ್ವರಗಳ ಪರಸ್ಪರ ಸಂಬಂಧ ಮುಂದೆ ಬರುತ್ತದೆ. ನಮ್ಮ ಮಿದುಳೂ ಇಂಥದೇ ಏನನ್ನೋ ಮಾಡುತ್ತದೆ. ಮೊದಲು ಬರುವ ವಾಕ್ಯದ ಸ್ವರಗಳನ್ನು ಬದಲಿಸಿದರೆ ಕೊನೆಯ ಅದೇ ಶಬ್ದ ಬೇರೆ ಶಬ್ದವಾಗಿ ಕೇಳಿಸುತ್ತದೆ ಎಂದು ಲೇಡಿಫೋಗೆಡ್ ಮತ್ತು ಬ್ರಾಡ್‌ಬೆಂಟ್ 1957ರಲ್ಲೇ ತೋರಿಸಿದ್ದರು.

ತಿರುಳ್ಗನ್ನಡದ ನೆಲ

ಈ ನೆಲದ ಮಾತನ್ನು ಒರಟು, ಅಶುದ್ಧ ಎಂದು ನಗುವವರಿಗೆ ಒಂದು ಸಂಗತಿ ನೆನಪಿಸಬೇಕು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕಿಸುವೊಳಲ್ ಒಂದು. ಅದು ಬದಾಮಿಗೆ ಹತ್ತಿರದ ಇಂದಿನ ಪಟ್ಟದಕಲ್ಲು. ಕನ್ನಡದ ಆಡುಮಾತುಗಳು ಎಷ್ಟೆಂದರೆ ಸಾವಿರ ನಾಲಿಗೆಯ ವಾಸುಕಿಗೂ ಸಾಕಾಗುತ್ತದೆ ಎಂದದ್ದೂ ಅದೇ ಗ್ರಂಥ. ಬದಾಮಿಯ ಅಗಸ್ತ್ಯತೀರ್ಥದ ಬಳಿ ಬಂಡೆಯ ಮೇಲೆ ಕ್ರಿ.ಶ. 700ರ ಸುಮಾರಿಗೆ ಕಡೆದ ಕಪ್ಪೆ ಅರಭಟ್ಟನ ಶಾಸನ ಕನ್ನಡ ತ್ರಿಪದಿಯ ಮೊದಲ ಸಾಕ್ಷಿಗಳಲ್ಲೊಂದು. ಆ ಕಾಲದ ಲಿಪಿಯಲ್ಲಿ ‘ಎ’ ಮತ್ತು ‘ಏ’ಗೆ, ‘ಒ’ ಮತ್ತು ‘ಓ’ಗೆ ಬೇರೆ ಬೇರೆ ಗುರುತಿರಲಿಲ್ಲ. ಆದರೆ ಆಡುವವರ ಬಾಯಲ್ಲಿ ಆ ಭೇದ ಇತ್ತು, ಓದುವವರು ಅರ್ಥದಿಂದ, ಛಂದಸ್ಸಿನಿಂದ ಅದನ್ನು ತಿಳಿದುಕೊಳ್ಳುತ್ತಿದ್ದರು. ಅಂದರೆ ಬದಾಮಿಯ ಸ್ವರಗಳಿಗಿಂತ ಲಿಪಿಯ ಸ್ವರಗಳು ಅಂದೂ ಕಡಿಮೆಯೇ ಇದ್ದವು. ಇಂದು ಎರಡು ‘ಒಲಿ’ಗಳನ್ನು ಒಂದೇ ರೀತಿ ಬರೆಯುವ ನಮಗೆ ಆ ಶಾಸನದ ಲಿಪಿಕಾರನ ಕಷ್ಟ ಅರ್ಥವಾಗಬೇಕು.

ಹುನಗುಂದ ತಾಲ್ಲೂಕಿನ ಸೂಳೇಬಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕ ಕಂಪನಿ ರಂಗಭೂಮಿಯಲ್ಲಿ ಮೆರೆದು 1974ರಲ್ಲಿ ಸಿನಿಮಾ ಆಯಿತು. ಕಂಪನಿ ನಟರು ಕೊನೆಯ ಸಾಲಿನ ಪ್ರೇಕ್ಷಕರಿಗೆ ಮಾತು ಮುಟ್ಟಿಸುತ್ತಿದ್ದದ್ದು ಸ್ವರಗಳ ಬಲದಿಂದ. ಮಾತಿನ ಶಕ್ತಿಯ ದೊಡ್ಡ ಪಾಲು ಇರುವುದೂ ಅವುಗಳಲ್ಲೇ. ಈ ಸೀಮೆಯ ಸ್ವರಗಳಿಗೆ ಅಂಥ ಮೆರವಣಿಗೆ ಸಿಕ್ಕಿದೆ. ದಾಖಲೆ ಮಾತ್ರ ಬೇಕಾದಷ್ಟು ಸಿಕ್ಕಿಲ್ಲ.

ದಾಖಲೆ ಯಾಕೆ ಬೇಕು ಎಂದರೆ ಕಾರಣಗಳು ಕಣ್ಣೆದುರಿಗಿವೆ. ‘ಇ’ ಮತ್ತು ‘ಉ’ ಎರಡರ ಮೊದಲ ಫಾರ್ಮಂಟೂ ಸುಮಾರು 300 ಹರ್ಟ್ಜ್ ಆಸುಪಾಸಿನದು. ಅವೆರಡನ್ನು ಬೇರ್ಪಡಿಸುವುದು ಎರಡನೆಯದು. ಎತ್ತರದ ಕಂಪನಗಳು ಕೇಳಿಸದ ಮಗುವಿಗೆ ಅವೆರಡೂ ಒಂದೇ ಆಗಿಬಿಡಬಹುದು. ಅಂಥ ಮಗುವಿನ ಶ್ರವಣ ಪರೀಕ್ಷೆಗೆ, ಮಾತಿನ ತರಬೇತಿಗೆ ಆ ಮಗುವಿನ ಮನೆಯ ಸ್ವರಗಳ ನಕಾಶೆ ಬೇಕು. ಬೇಳೆಯ ಚಿತ್ರ ನೋಡಿ ‘ಬ್ಯಾಳಿ’ ಎಂದ ಕೂಸಿನ ಉಚ್ಚಾರಕ್ಕೆ ತಪ್ಪು ಗುರುತು ಹಾಕುವುದು ತಪ್ಪು ಮಾತ್ರವಲ್ಲ, ಕ್ರೌರ್ಯ. ವಿದ್ಯುತ್ ಮಗ್ಗದ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಮೊದಲು ಮಂದವಾಗುವುದು 3000ದಿಂದ 6000 ಹರ್ಟ್ಜ್ ನಡುವೆ. ಸಕಾರ ಶಕಾರಗಳು ಮೊದಲು ಮಸುಕಾಗುತ್ತವೆ, ಸ್ವರಗಳು ಬಹುಕಾಲ ಉಳಿಯುತ್ತವೆ. ಅವರು ಕೊನೆಯವರೆಗೂ ಆತುಕೊಳ್ಳುವುದು ಈ ಸ್ವರಗಳನ್ನೇ.

ಯಂತ್ರಗಳೂ ಈಗ ಕನ್ನಡ ಕೇಳಿಸಿಕೊಳ್ಳುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ರೆಸ್ಪಿನ್’ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಉಪಭಾಷಾ ಧ್ವನಿಗಳನ್ನು ಕೃಷಿ ಮತ್ತು ಹಣಕಾಸಿನ ಮಾತುಗಳಿಗಾಗಿ ಕೂಡಿಹಾಕಿದೆ. ಗೂಗಲ್ ನೆರವಿನಿಂದ ಅದೇ ಸಂಸ್ಥೆ ಕೈಗೊಂಡ ‘ವಾಣಿ’ ಯೋಜನೆ ದೇಶದ 773 ಜಿಲ್ಲೆಗಳ ಮಾತನ್ನು ಸೇರಿಸುವ ಗುರಿ ಇಟ್ಟುಕೊಂಡಿದೆ. ಒಳ್ಳೆಯದು. ಜ್ವಾಳದ ದರ ಕೇಳುವ ರೈತ ಯಂತ್ರಕ್ಕೋಸ್ಕರ ತನ್ನ ಬಾಯಿ ತಿದ್ದಿಕೊಳ್ಳುವಂತಾಗಬಾರದು. ಆದರೆ ಗಂಟೆಗಟ್ಟಲೆ ಧ್ವನಿ ತುಂಬಿಟ್ಟ ಮಾತ್ರಕ್ಕೆ ಈ ಊರಲ್ಲಿ ಎಷ್ಟು ಸ್ವರಗಳಿವೆ ಎಂಬುದು ತಾನಾಗಿ ತಿಳಿಯುವುದಿಲ್ಲ. ಅದನ್ನು ಯಾರಾದರೂ ಕೂತು ಅಳೆಯಲೇಬೇಕು.

ಬೇಗ ಅಳೆಯಬೇಕು ಎನ್ನುವುದಕ್ಕೂ ಕಾರಣವಿದೆ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ಮುಳುಗಿಸಿದಾಗ ಜನ ನವನಗರಕ್ಕೆ, ಹಳ್ಳಿಗಳ ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ನೆರೆಹೊರೆ ಬದಲಾದಾಗ ಮಾತೂ ಬದಲಾಗುತ್ತದೆ. ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದಲ್ಲಿ ವಿಲಿಯಂ ಲಬೋವ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ದ್ವೀಪದಲ್ಲೇ ಬಾಳಬೇಕೆಂದು ಮನಸ್ಸು ಮಾಡಿದವರ ಬಾಯಲ್ಲಿ ಅಲ್ಲಿಯ ವಿಶಿಷ್ಟ ಸ್ವರಗಳು ಹೆಚ್ಚು ಬಲವಾಗಿದ್ದವು. ಬಿಟ್ಟು ಹೋಗಬೇಕೆಂದವರಲ್ಲಿ ತೆಳುವಾಗಿದ್ದವು. ಬಾಗಲಕೋಟೆಯಲ್ಲಿ ಉಳಿದ ಅಣ್ಣನ ‘ಬ್ಯಾಡ’ಕ್ಕೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಹಬ್ಬಕ್ಕೆ ಬರುವ ತಮ್ಮನ ‘ಬೇಡ’ಕ್ಕೂ ನಡುವೆ ಎಷ್ಟು ಹರ್ಟ್ಜ್ ಅಂತರ ಎಂದು ನನಗೆ ತಿಳಿಯಬೇಕಿದೆ. ಊರಿಗೆ ಬಂದು ಎರಡು ದಿನ ಕಳೆದ ಮೇಲೆ ಆ ಅಂತರ ಎಷ್ಟು ಕುಗ್ಗುತ್ತದೆ ಎಂದೂ.

ಇದಕ್ಕೆ ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗ, ಭೌತಶಾಸ್ತ್ರ ವಿಭಾಗಗಳು ಕೈಜೋಡಿಸಿದರೆ ಸಾಕು. ಬಾಗಲಕೋಟೆ, ಬದಾಮಿ, ಹುನಗುಂದ, ಇಳಕಲ್ಲುಗಳಿಂದ ಅಜ್ಜ–ಅಜ್ಜಿ, ಅಪ್ಪ–ಅವ್ವ, ಮಕ್ಕಳು ಎಂಬ ಮೂರು ತಲೆಮಾರು. ಮನೆಮಾತು ಕನ್ನಡದವರೂ ಉರ್ದುವಿನವರೂ. ಮಗ್ಗದ ಓಣಿಯವರೂ ಹೊಲದವರೂ. ಬೇಕ–ಬ್ಯಾಡ, ಬೇಲಿ–ಬ್ಯಾಳಿ, ಕೋಳಿ–ಗ್ವಾಡಿ, ಒಲಿ–ಒಲಿಗಳಿಂದ ಶುರುಮಾಡಬಹುದು. ಜಾಗ ಯಾವುದೆಂದು ಕೇಳಿದರೆ ನಾನು ಬದಾಮಿ ಬಳಿಯ ಬನಶಂಕರಿ ಎನ್ನುತ್ತೇನೆ. ಬನದ ಹುಣ್ಣಿಮೆಯ ತೇರಿನಿಂದ ಶುರುವಾಗುವ ಆ ಜಾತ್ರೆಗೆ ಸುತ್ತಲಿನ ಎಲ್ಲ ತಾಲ್ಲೂಕುಗಳ ಜನ ಬರುತ್ತಾರೆ, ನಾಟಕ ಕಂಪನಿಗಳು ವಾರಗಟ್ಟಲೆ ಬೀಡುಬಿಡುತ್ತವೆ. ಬಂದವರಿಗೆ ಕೂತು ಮಾತಾಡುವಷ್ಟು ಪುರುಸೊತ್ತೂ ಇರುತ್ತದೆ. ಜಾತ್ರೆಯ ಗದ್ದಲದಿಂದ ದೂರ, ಬದಾಮಿ ಊರೊಳಗೆ ದಪ್ಪ ಗೋಡೆಯ ಒಂದು ಕೋಣೆ, ಒಂದು ಒಳ್ಳೆಯ ಮೈಕು, ಇಲ್ಲಿಯದೇ ಮಾತಾಡುವ ನಾಲ್ಕು ಹುಡುಗ–ಹುಡುಗಿಯರು ಬೇಕು. ಫ್ಯಾನಿನ ಚಿಂತೆಯೂ ಆ ಚಳಿಯಲ್ಲಿ ಇರುವುದಿಲ್ಲ.